ಇಲಾರಿಯಾಳ ಎರಡನೇ ಗೇರು

ನನ್ನ ಅತ್ತಿಗೆ ಇಲಾರಿಯಾ ತಾರ್ಕಿ ಬಲಭುಜ ಮುರಿದುಕೊಂಡದ್ದು ಗಾಡಿಯ ಮೇಲಿನಿಂದ ಬಿದ್ದು. ಆಲೂಗಡ್ಡೆ ಮೂಟೆಗೆ ಹಗ್ಗ ಬಿಗಿಯುತ್ತಿದ್ದಳು. ಹಿಂದಿನ ರಾತ್ರಿ ಕಟ್ಟಿದ ಮಂಜು ತಗಡಿನ ಮೇಲೆ ಇನ್ನೂ ಕರಗಿರಲಿಲ್ಲ, ಕಾಲು ಜಾರಿತು. ಮೂಳೆ ಕೂಡಿಕೊಂಡಿತು, ಆದರೆ ಕೈ ಮೊದಲಿನಂತಾಗಲಿಲ್ಲ. ಮುಂದಕ್ಕೆ ಚಾಚಬಲ್ಲಳು, ಎದೆಯ ಮಟ್ಟಕ್ಕೆ ಎತ್ತಬಲ್ಲಳು. ಮೊಣಕೈಯನ್ನು ಸೊಂಟದ ಹಿಂದಕ್ಕೆ ಎಳೆದರೆ ಮಾತ್ರ ಭುಜದೊಳಗೆ ಏನೋ ಕಚ್ಚಿ ಹಿಡಿದಂತಾಗಿ ಮುಖ ಬಿಳಿಚಿಕೊಳ್ಳುತ್ತಿತ್ತು.

ಬೇರೆ ಕಸುಬಿನವರಿಗೆ ಅಷ್ಟು ಕೈ ಸಾಕಾಗುತ್ತಿತ್ತೇನೋ. ಅತ್ತಿಗೆ ಲಾ ಪಾಸ್‌ನ ಏರುಗಳಲ್ಲಿ ಬಾಡಿಗೆ ವ್ಯಾನು ಓಡಿಸುವವಳು. ಸ್ಮಶಾನದ ಗೇಟಿನಿಂದ ಹೊರಟು ಮೇಲೆ ಎಲ್ ಆಲ್ಟೊದ ಅಂಚಿನವರೆಗೆ ನಮ್ಮ ಲೈನು. ಆ ದಾರಿಯಲ್ಲಿ ಸಪಾಟು ನೆಲ ಅಂದರೆ ಕೆಳಗಿನ ನಿಲ್ದಾಣ ಒಂದೇ. ಅಲ್ಲಿ ಗೋಡೆಗೆ ಒರಗಿದಂತೆ ನನ್ನ ಒಲೆ ಇದೆ. ಕುಡಿಯಲು ನೇರಳೆ ಜೋಳದ ಆಪಿ ಕಾಯಿಸುತ್ತೇನೆ, ಚೀಸ್ ತುಂಬಿದ ಹಿಟ್ಟಿನ ಹಾಳೆ ಕರಿಯುತ್ತೇನೆ. ಲೈನಿನಲ್ಲಿ ನಡೆಯುವುದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತದೆ. ಡ್ರೈವರುಗಳ ಸಂಘದ ಸಭೆಯೂ ಅಲ್ಲೇ, ಗಾಡಿಗಳ ನಡುವೆ ನಿಂತುಕೊಂಡೇ.

ಅಕ್ಟೋಬರಿನ ಸಭೆಯಲ್ಲಿ ಸಂಘದ ಕಾರ್ಯದರ್ಶಿ ದೊನ್ ಎರಾಸ್ಮೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಟೋಪಿ ತೆಗೆದನೆಂದರೆ ಯಾರಿಗೋ ಕಷ್ಟ ಕಾದಿದೆ ಅಂತ ನಮಗೆಲ್ಲ ಗೊತ್ತು.

"ದೊನ್ಯ ಇಲಾರಿಯಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಅಂದ. "ಇಷ್ಟು ವರ್ಷ ದುಡಿದಿದ್ದೀರ. ಕೈ ಆಗಲ್ಲ ಅಂದ್ಮೇಲೆ ಜಾಗ ಬಿಟ್ಕೊಡಿ. ಮರ್ಯಾದೆಯಾಗಿ ಕಳಿಸ್ಕೊಡ್ತೀವಿ. ಹೂವಿನ ಹಾರ ಹಾಕ್ತೀವಿ, ಬ್ಯಾಂಡ್ ತರಿಸ್ತೀವಿ."

ಅತ್ತಿಗೆ ನನ್ನ ಒಲೆಯ ಪಕ್ಕ ಕೂತಿದ್ದಳು. ಲೋಟ ಕೆಳಗಿಟ್ಟು ಎದ್ದಳು. ಗಿಡ್ಡ ಹೆಂಗಸು. ಆದರೆ ಟೋಪಿ ಇಟ್ಟುಕೊಂಡು ನೆರಿಗೆ ಲಂಗ ಹರಡಿ ನಿಂತರೆ ದಾರಿಗೆ ಅಡ್ಡ ನಿಂತಂತೆಯೇ.

"ಬ್ಯಾಂಡು ಯಾವಾಗ ಬೇಕಾದ್ರೂ ತರಿಸಿ ದೊನ್ ಎರಾಸ್ಮೊ. ಕುಣೀತೀನಿ. ಕುಣಿದು ಮುಗಿಸಿ ಗಾಡಿ ಹತ್ತುತೀನಿ."

ಒಂದಿಬ್ಬರು ನಕ್ಕರು. ಎರಾಸ್ಮೊ ನಗಲಿಲ್ಲ. "ತಮಾಷೆ ಅಲ್ಲಮ್ಮ ಇದು. ಜನರ ಜೀವದ ಪ್ರಶ್ನೆ. ಏರಿನ ಮೇಲೆ ಗಾಡಿ ಹಿಂದಕ್ಕೆ ಜಾರಿದ್ರೆ ಯಾರು ಹೊಣೆ?"

"ಹೋದ ವರ್ಷ ಗಿಯೆರ್ಮೊ ಕಣ್ಣಿಗೆ ಆಪರೇಷನ್ ಮಾಡಿಸ್ಕೊಂಡ. ಅವನ ಜಾಗ ಯಾರಾದ್ರೂ ಕೇಳಿದ್ರಾ?"

"ಅವನಿಗೆ ವಾಸಿಯಾಯ್ತು."

"ಒಂದು ಕಣ್ಣು ವಾಸಿಯಾಯ್ತು," ಅಂದಳು ಅತ್ತಿಗೆ. ಈ ಸಲ ಗಿಯೆರ್ಮೊನೂ ನಕ್ಕ.

ಎರಾಸ್ಮೊನ ಅಕ್ಕನ ಮಗ ಆಗಷ್ಟೇ ಲೈಸೆನ್ಸ್ ಪಡೆದು, ಲೈನಿಗೆ ಸೇರಲು ಜಾಗ ಹುಡುಕುತ್ತಿದ್ದ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೊನೆಗೆ ಒಂದು ತೀರ್ಮಾನವಾಯಿತು. ಹೊಸಬರಿಗೆ ಕೊಡುವ ಪರೀಕ್ಷೆಯನ್ನೇ ಅತ್ತಿಗೆಗೂ ಕೊಡುವುದು: ಗಾಡಿ ತುಂಬ ಜನ ಕೂರಿಸಿಕೊಂಡು ನಮ್ಮ ಲೈನಿನ ಕಲ್ಲು ಹಾಸಿದ ಕಡಿದಾದ ರಸ್ತೆಯನ್ನು ಹತ್ತುವುದು, ನಡುವೆ ನಿಲ್ಲಿಸಿ ಮತ್ತೆ ಹೊರಡುವುದು. ಸತ್ತವರ ಹಬ್ಬಕ್ಕೆ ಮುಂಚೆಯೇ ಆಗಬೇಕು. ಆ ಹಬ್ಬಕ್ಕೆ ಇಡೀ ಊರೇ ಸ್ಮಶಾನಕ್ಕೆ ಬರುತ್ತದೆ. ಆ ದಿನಗಳಲ್ಲಿ ಗಾಡಿ ಓಡಿಸದವರನ್ನು ಲೈನಿನವರು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಬೇಕಿದ್ರೆ ಆಟೋಮ್ಯಾಟಿಕ್ ಗಾಡಿ ತಗೊಳಿ," ಅಂತ ಹೋಗುವಾಗ ಎರಾಸ್ಮೊ ಸೇರಿಸಿದ. "ಮುದುಕರಿಗೆ ಅದೇ ಹಿತ."

"ಹೌದಾ? ನೀವು ತಗೊಂಡಾಗ ಹೇಳಿ, ನೋಡೋಕೆ ಬರ್ತೀನಿ."

ಮಾರನೆಯ ಬೆಳಿಗ್ಗೆ ಅತ್ತಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ತೆಗೆದಳು. ಹಳೆಯ ವ್ಯಾನು ಅದು. ನಮ್ಮಲ್ಲಿ ಡ್ರೈವರು ಕೂರುವುದು ಎಡಗಡೆ, ಗೇರು ಹಾಕುವುದು ಬಲಗೈಯಲ್ಲಿ. ಗೇರ್ ರಾಡು ಎರಡು ಸೀಟುಗಳ ನಡುವೆ ನೆಲದಿಂದ ಎದ್ದು ಕಬ್ಬಿನ ಜಲ್ಲೆಯಷ್ಟು ಉದ್ದ ನಿಂತಿತ್ತು. ಒಂದನೇ ಗೇರು ಮುಂದಕ್ಕೆ, ಅದು ಸಲೀಸಾಗಿ ಬಿತ್ತು. ಎರಡನೆಯದಕ್ಕೆ ರಾಡನ್ನು ತನ್ನ ಸೊಂಟ ದಾಟಿಸಿ ಹಿಂದಕ್ಕೆ ಎಳೆಯಬೇಕು. ಅರ್ಧ ದಾರಿಗೆ ಅವಳ ಕೈ ನಿಂತಿತು. ಹಲ್ಲು ಕಚ್ಚಿ ಇಡೀ ಮೈಯನ್ನೇ ಹಿಂದಕ್ಕೆ ತಿರುಗಿಸಿ ಎಳೆದಳು. ಗೇರು ಬೀಳುವಷ್ಟರಲ್ಲಿ ಗಾಡಿ ವೇಗ ಕಳೆದುಕೊಂಡು ಕುಲುಕಿ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರನ್ ಒತ್ತಿಹಿಡಿದ.

"ಎಡಗೈಯಲ್ಲಿ ಹಾಕು ಅತ್ತಿಗೆ," ಅಂದೆ.

"ಹಾಕ್ತೀನಿ. ಸ್ಟೀರಿಂಗ್ ನೀನು ಹಿಡ್ಕೊ," ಅಂದಳು. ಆಮೇಲೆ ಹಣೆಯನ್ನು ಸ್ಟೀರಿಂಗಿಗೆ ಒರಗಿಸಿದಳು. ಅತ್ತಳೋ ಏನೋ, ನಾನು ಆ ಕಡೆ ನೋಡಲಿಲ್ಲ. ಬಸ್ಸು ದಾಟಿ ಹೋದ ಮೇಲೆ ಗಾಡಿಯನ್ನು ಹಿಮ್ಮುಖವಾಗಿಯೇ ಜಾರಿಸಿಕೊಂಡು ಕೆಳಗೆ ತಂದೆವು.

ಮನೆಯಲ್ಲಿ ಅಣ್ಣ ಮಾಕ್ಸಿಮೊ ಆಗಲೇ ಮನಸ್ಸು ಮಾಡಿ ಕೂತಿದ್ದ. ಅವನದು ಮೆರವಣಿಗೆಯ ಕುಣಿತದ ಉಡುಪಿಗೆ ಕಸೂತಿ ಹಾಕುವ ಕೆಲಸ. ಅವನು ಹೊಲಿಯುವ ಒಂದೊಂದು ಅಂಗಿಯೂ ಒಬ್ಬ ಮನುಷ್ಯನಷ್ಟು ತೂಗುತ್ತದೆ.

"ಗಾಡಿ ಮಾರೋಣ," ಅಂದ. "ಮಣಿ ಪೋಣಿಸೋಕೆ ನಂಗೂ ಜನ ಬೇಕು. ಬೆಚ್ಚಗೆ ಒಳಗೆ ಕೂತು ಕೆಲಸ ಮಾಡಬಹುದು."

"ನಿನ್ನ ಮಣಿ ನೀನೇ ಪೋಣಿಸ್ಕೊ."

"ಬಿದ್ದಾಗ ನಿನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನು ಕಣೇ."

"ಅದಕ್ಕೇ ನಿನ್ನ ಜೊತೆ ಜಗಳ ಆಡ್ತಿಲ್ಲ," ಅಂದಳು. ಅಂದು ಹೊರಗೆ ಹೋಗಿ ಗಾಡಿ ತೊಳೆದಳು. ಓಡದ ಗಾಡಿಯನ್ನು ಅವಳು ಅಷ್ಟು ತೊಳೆದದ್ದನ್ನು ನಾನು ನೋಡಿರಲಿಲ್ಲ.

ದಾರಿ ಕಂಡದ್ದು ಬೇರೆಯವರ ಗಾಡಿಯಲ್ಲಿ. ಭುಜ ತೋರಿಸಲು ಆಸ್ಪತ್ರೆಗೆ ಹೊರಟಿದ್ದೆವು. ಬೇರೊಂದು ಲೈನಿನ ವ್ಯಾನು ಸಿಕ್ಕಿತು, ನಮ್ಮದೇ ಗಾಡಿಯ ಹೊಸ ಮಾದರಿ. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ. ಆ ಗಾಡಿಯ ಗೇರ್ ರಾಡು ನೆಲದಿಂದ ಎದ್ದಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನಿಂದ, ಸ್ಟೀರಿಂಗಿನ ಪಕ್ಕದಲ್ಲೇ, ಗೇಣುದ್ದ ಚಾಚಿಕೊಂಡಿತ್ತು. ಡ್ರೈವರು ಮೊಣಕೈ ಅಲ್ಲಾಡಿಸದೆ ಬರೀ ಮಣಿಕಟ್ಟಿನಲ್ಲಿ ಗೇರು ಬದಲಿಸುತ್ತಿದ್ದ. ಅತ್ತಿಗೆ ಕಣ್ಣು ಕೀಳಲಿಲ್ಲ.

"ಏನ್ ಹಾಗೆ ನೋಡ್ತಿದ್ದೀರ ಅಮ್ಮ?" ಅಂದ ಡ್ರೈವರು.

"ನಿನ್ನ ಕೈ."

"ನಂಗೆ ಮದುವೆ ಆಗಿದೆ."

"ನಂಗೂ ಆಗಿದೆ. ಇನ್ನೊಂದ್ ಸಲ ಎರಡನೇ ಗೇರ್ ಹಾಕು."

ಅವನು ನಗುತ್ತ ಹಾಕಿ ತೋರಿಸಿದ. ಆಸ್ಪತ್ರೆ ಬಂತು, ನಾನು ಇಳಿದೆ. ಅತ್ತಿಗೆ ಇಳಿಯಲಿಲ್ಲ. ಲೈನಿನ ಕೊನೆಯವರೆಗೂ ಹೋಗಿ, ಅದೇ ಗಾಡಿಯಲ್ಲಿ ವಾಪಸ್ ಬಂದಳು. ಅಷ್ಟು ಹೊತ್ತಿಗೆ ವೈದ್ಯರು ಹೊರಟುಹೋಗಿದ್ದರು.

ಭಾನುವಾರ ಎಲ್ ಆಲ್ಟೊದ ಸಂತೆಗೆ ಹೋದೆವು. ಅಲ್ಲಿ ಗುಜರಿ ಗಾಡಿಗಳ ಸಾಲು ರೈಲು ಹಳಿಯ ಉದ್ದಕ್ಕೂ ಹಬ್ಬಿರುತ್ತದೆ. ಬಾಗಿಲುಗಳ ರಾಶಿ ಒಂದು ಕಡೆ, ಸೀಟುಗಳದು ಇನ್ನೊಂದು ಕಡೆ. ಒಬ್ಬ ಹೆಂಗಸು ಹಿಂಬದಿ ನುಜ್ಜಾದ ಹೊಸ ಮಾದರಿಯ ವ್ಯಾನೊಂದರ ನೆರಳಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಅತ್ತಿಗೆ ಕೇಳದೆಯೇ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತಳು. ಟೋಪಿಯನ್ನು ನನ್ನ ಕೈಗೆ ಕೊಟ್ಟಳು. ಕಣ್ಣು ಮುಚ್ಚಿಕೊಂಡು ಒಂದು, ಎರಡು, ಮೂರು, ನಾಲ್ಕು ಅಂತ ಗೇರು ಹಾಕಿದಳು. ಎರಡನೆಯದಕ್ಕೆ ರಾಡು ಅವಳ ಮೊಣಕಾಲಿನ ಹತ್ತಿರವೇ ಬಂದು ನಿಂತಿತು. ಮುಖದಲ್ಲಿ ನೋವು ಕಾಣಲಿಲ್ಲ.

"ಯಾರಿಗೆ, ಗಂಡನಿಗಾ?" ಅಂದಳು ಗುಜರಿಯವಳು.

"ನನ್ನ ಗಂಡನಿಗೆ ಸೈಕಲ್ಲೂ ಬರಲ್ಲ."

"ಹಾಗಾದ್ರೆ ನಿನಗೇ. ಬುಡ, ಕೇಬಲ್ಲು ಎಲ್ಲಾ ಬಿಚ್ಚಿಸಿ ಕೊಡ್ತೀನಿ. ಆದ್ರೆ ನಿನ್ನ ಹಳೇ ಗಾಡಿಗೆ ಹೊಂದಲ್ಲ ಕಣಮ್ಮ ಇದು. ಆಮೇಲೆ ಬಂದು ನನ್ನ ಬೈಬೇಡ."

"ಹೊಂದಿಸ್ತೀನಿ. ನಿನ್ನ ಬೈಯೋಕೆ ಬೇರೆ ಕಾರಣ ಹುಡುಕ್ಕೊಂಡು ಬರ್ತೀನಿ."

ರಾಡನ್ನು ಹೊದಿಕೆಯಲ್ಲಿ ಸುತ್ತಿ, ಮಗುವನ್ನು ಕಟ್ಟಿಕೊಳ್ಳುವಂತೆ ನನ್ನ ಬೆನ್ನಿಗೆ ಕಟ್ಟಿದಳು. ಕೇಬಲ್ಲುಗಳನ್ನು ಸುರುಳಿ ಸುತ್ತಿ ತನ್ನ ಎಡಭುಜಕ್ಕೆ ಹಾಕಿಕೊಂಡಳು.

ಮೆಕ್ಯಾನಿಕ್ ಸಾತುರ್ನಿನೊನ ಶೆಡ್ಡು ಅಲ್ಲೇ ಮೇಲೆ. ಹಡಗಿನಲ್ಲಿ ಬರುತ್ತಿದ್ದ ಜಪಾನಿನ ಗಾಡಿಗಳ ಸ್ಟೀರಿಂಗನ್ನು ಬಲದಿಂದ ಎಡಕ್ಕೆ ತಂದು ಕೂರಿಸುವುದರಲ್ಲೇ ಅವನ ಅರ್ಧ ಆಯಸ್ಸು ಕಳೆದಿತ್ತು. ಅತ್ತಿಗೆಯ ವ್ಯಾನನ್ನೂ ಅವನೇ ಹಾಗೆ ಬದಲಿಸಿದ್ದ. ಹೊದಿಕೆ ಬಿಚ್ಚಿ ನೋಡಿ ಮೂಗು ಮುರಿದ.

"ಆಗಲ್ಲ. ತೂತು ಹೊಂದಲ್ಲ, ಕೇಬಲ್ ಅಳತೆ ಬೇರೆ. ಡ್ಯಾಶ್‌ಬೋರ್ಡ್ ಕೆಳಗೆ ಇದನ್ನ ಹಿಡ್ಕೊಳೋಕೆ ಕಬ್ಬಿಣ ಎಲ್ಲಿದೆ?"

"ನೀನು ಕೂರಿಸು."

"ಕಷ್ಟಪಟ್ಟು ಕೂರಿಸ್ತೀನಿ, ನಾಳೆ ನೀನು ಗಾಡಿ ಬಿಟ್ಬಿಡ್ತೀಯ. ಊರೆಲ್ಲಾ ಹೇಳ್ತಿದೆ."

"ಊರು ಹೇಳ್ತಿದೆ. ನಾನು ಹೇಳಿದ್ನಾ?"

ಸಾತುರ್ನಿನೊ ಅವಳ ಮುಖವನ್ನೂ ಭುಜವನ್ನೂ ನೋಡಿದ. ಸಿಗರೇಟು ಆರಿಸಿದ. "ಸೀಟಲ್ಲಿ ಕೂತ್ಕೊ," ಅಂದ. "ಕೈ ಎಲ್ಲಿವರೆಗೆ ನೋವಿಲ್ಲದೆ ಹೋಗುತ್ತೆ ತೋರಿಸು."

ಸೀಮೆಸುಣ್ಣದಿಂದ ಡ್ಯಾಶ್‌ಬೋರ್ಡಿನ ಮೇಲೆ ಗುರುತು ಹಾಕಿದ. ಹಳೆಯ ರಾಡನ್ನು ಬುಡಸಮೇತ ಕಿತ್ತು, ನೆಲದಲ್ಲಿ ಉಳಿದ ತೂತಿಗೆ ತಗಡು ಬೆಸೆದ. ದಪ್ಪ ಪಟ್ಟಿಯೊಂದನ್ನು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಹೊಸ ರಾಡಿಗೆ ಮಣೆಯಂಥದ್ದೊಂದನ್ನು ಮಾಡಿದ. ಕೇಬಲ್ಲು ಅವನು ಹೆದರಿದಷ್ಟು ಗಿಡ್ಡವಿರಲಿಲ್ಲ. ಎಂಜಿನ್ನಿನ ಬಿಸಿ ತಾಗದಂತೆ ಸುತ್ತು ಹಾಕಿಸಿ ತಂದಾಗ ಸರಿಯಾಗಿ ಮುಟ್ಟಿತು. ಒಂದು ವಾರ ನಾನೂ ಅತ್ತಿಗೆಯೂ ಅವನಿಗೆ ಊಟ ಹೊತ್ತೆವು.

ಕೊನೆಗೊಂದು ಮಧ್ಯಾಹ್ನ ಅತ್ತಿಗೆ ಗಾಡಿ ಹತ್ತಿ, ಒಂದನೇ ಗೇರು ಹಾಕಿ, ಕ್ಲಚ್ಚು ಬಿಟ್ಟಳು. ಗಾಡಿ ಕೆಮ್ಮಿ ಸತ್ತಿತು. ಮತ್ತೆ ಹಾಕಿದಳು, ಮತ್ತೆ ಸತ್ತಿತು. ಸಾತುರ್ನಿನೊ ಕೆಳಗೆ ಮಲಗಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕುವುದು ಕಂಡಿತು.

"ಏನ್ ನಗ್ತಿದ್ದೀಯ?" ಅಂದಳು ಅತ್ತಿಗೆ.

"ಎಡ ಬಲ ಅದಲುಬದಲಾಗಿದೆ. ನೀನು ಒಂದನೇದು ಅಂತ ಹಾಕ್ತಿರೋದು ಐದನೇದು. ಹೊಸ ಗಾಡೀಲಿ ಆ ಕೇಬಲ್ಲು ಇನ್ನೊಂದು ದಿಕ್ಕಿಗೆ ಎಳೆಯುತ್ತೆ. ಜೀವಮಾನವೆಲ್ಲ ಬಲದ್ದನ್ನ ಎಡಕ್ಕೆ ತಂದವನು ನಾನು, ನನಗೇ ಹೀಗೆ ಮಾಡಿತಲ್ಲ ಇದು."

"ಹಾಗೇ ಅಭ್ಯಾಸ ಮಾಡ್ಕೊಳ್ಳಲಾ?"

"ಬೇಡ. ಗಾಬರಿ ಆದಾಗ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತೆ. ಗೇರ್ ಬಾಕ್ಸ್ ಮೇಲೆ ಕೇಬಲ್ ಕೊನೆ ಸಿಕ್ಕಿಸೋ ತೋಳು ಇರುತ್ತಲ್ಲ, ಅದನ್ನೂ ಆ ಗುಜರಿ ಗಾಡಿಯಿಂದ ತಂದ್ರೆ ದಿಕ್ಕು ಸರಿಹೋಗುತ್ತೆ."

ಗುರುವಾರದ ಸಂತೆಗೆ ಮತ್ತೆ ಹೋದೆವು. ಹೆಣೆಯುವವಳು ಅಲ್ಲೇ ಇದ್ದಳು, ಸ್ವೆಟರಿಗೆ ಈಗ ಒಂದು ತೋಳು ಬಂದಿತ್ತು. "ಬೈಯೋಕೆ ಬಂದ್ಯಾ?" ಅಂದಳು. ಅತ್ತಿಗೆ, "ಒಂದು ತೋಳು ಬಿಟ್ಟು ಕೊಟ್ಟಿದ್ದೀಯ. ನಿನ್ನ ಸ್ವೆಟರಿನ ಹಾಗೆ ನಂಗೂ ಒಂದೇ ಕೈ ಅಂತ ಅಂದ್ಕೊಂಡ್ಯಾ?" ಅಂದಳು. ಇಬ್ಬರೂ ನಕ್ಕರು. ಆ ತೋಳು ಹಾಕಿದ ಮೇಲೆ ಒಂದು ಒಂದಾಯಿತು, ಎರಡು ಎರಡಾಯಿತು. ಶೆಡ್ಡಿನ ಹಿಂದಿನ ಬಯಲಿನಲ್ಲಿ ಅತ್ತಿಗೆ ಕತ್ತಲಾಗುವ ತನಕ ಸುತ್ತು ಹೊಡೆದಳು. ಲಂಗಕ್ಕೆಲ್ಲ ಗ್ರೀಸು.

ರಾಡಿನ ಬುಡದಲ್ಲಿ ಮಾತ್ರ ಕಬ್ಬಿಣವೂ ಕೇಬಲ್ಲೂ ಬತ್ತಲಾಗಿ ಕಾಣುತ್ತಿದ್ದವು. ಲಂಗದ ಅಂಚು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮನೆಗೆ ಬಂದಾಗ ಅಣ್ಣ ಹೊರಗೆ ಬಂದು, ಗಾಡಿಯೊಳಗೆ ತಲೆ ಹಾಕಿ ನೋಡಿದ. ಒಳಗಿನಿಂದ ಟೇಪು ತಂದು ಅಳತೆ ತೆಗೆದ. ಮಾರನೆಯ ದಿನ ಕುಣಿತದ ಬೂಟಿಗೆಂದು ಇಟ್ಟಿದ್ದ ಕೆಂಪು ಚರ್ಮದಲ್ಲಿ ನೆರಿಗೆ ನೆರಿಗೆಯಾಗಿ ಒಂದು ಮುಚ್ಚಿಗೆ ಹೊಲಿದು, ರಾಡಿನ ಬುಡಕ್ಕೆ ಕಟ್ಟಿದ. ಅಂಚಿನಲ್ಲಿ ಸಣ್ಣ ಬೆಳ್ಳಿ ದಾರದ ಕಸೂತಿಯೂ ಇತ್ತು.

"ಗಾಡಿ ಮಾರೋಣ ಅಂದಿದ್ದೆ?" ಅಂದಳು ಅತ್ತಿಗೆ.

"ಈಗಲೂ ಅದನ್ನೇ ಅಂತೀನಿ. ನೀನು ಕೇಳಲ್ಲ. ಲಂಗ ಹರಿದ್ರೆ ಹೊಲಿಯೋನು ನಾನೇ ತಾನೆ," ಅಂದ ಅಣ್ಣ.

ಪರೀಕ್ಷೆಯ ಬೆಳಿಗ್ಗೆ ಇಡೀ ಲೈನು ನಿಲ್ದಾಣದಲ್ಲಿ ಸೇರಿತ್ತು. ನನ್ನ ಆಪಿ ಬೇಗ ಖಾಲಿಯಾಯಿತು. ಎರಾಸ್ಮೊ ಗಾಡಿಯ ಬಾಗಿಲು ತೆಗೆದು ಕೆಂಪು ಮುಚ್ಚಿಗೆ ನೋಡಿದ, ರಾಡನ್ನು ಬೆರಳಲ್ಲಿ ಅಲ್ಲಾಡಿಸಿದ.

"ಇದೇನಿದು? ಈ ಗಾಡೀದಲ್ಲ ಇದು. ಹೀಗೆ ಯಾವ್ಯಾವುದೋ ಗಾಡೀದು ತಂದು ಸಿಕ್ಕಿಸಿದ್ರೆ ಆಗುತ್ತಾ? ಪರೀಕ್ಷೆ ನಡೆಯಲ್ಲ."

ಅತ್ತಿಗೆ ಧ್ವನಿ ಏರಿಸಲಿಲ್ಲ. "ದೊನ್ ಎರಾಸ್ಮೊ, ನಿಮ್ಮ ಗಾಡಿ ಸ್ಟೀರಿಂಗ್ ಹುಟ್ಟಿದಾಗ ಯಾವ ಕಡೆ ಇತ್ತು?"

ಅವನು ರಾಡಿನಿಂದ ಬೆರಳು ತೆಗೆದ.

"ಬಲಗಡೆ ಇತ್ತು. ಇಲ್ಲಿ ನಿಂತಿರೋ ಗಾಡಿಗಳಲ್ಲಿ ಅರ್ಧಕ್ಕೆ ಹಾಗೇ ಇತ್ತು. ಕಿತ್ತು ಎಡಕ್ಕೆ ಹಾಕಿಸ್ಕೊಂಡು ಅದರ ಮೇಲೇ ಮಕ್ಕಳನ್ನ ಸಾಕಿದ್ದೀವಿ. ಡ್ಯಾಶ್‌ಬೋರ್ಡು ಅರ್ಧಕ್ಕೆ ಕತ್ತರಿಸಿ ಅಂಟಿಸಿದ್ದು ನಡೆಯುತ್ತೆ, ನನ್ನ ಒಂದು ಗೇರ್ ರಾಡ್ ನಡೆಯಲ್ವಾ? ಹಾಗಾದ್ರೆ ಎಲ್ಲರೂ ಇಳೀರಿ. ಎಲ್ಲಾ ಗಾಡಿ ವಾಪಸ್ ಜಪಾನಿಗೆ ಕಳಿಸೋಣ."

ಗಿಯೆರ್ಮೊ ಮೊದಲು ಚಪ್ಪಾಳೆ ತಟ್ಟಿದ. ಉಳಿದವರು ತಟ್ಟಲಿಲ್ಲ. ಆದರೆ ಯಾರೂ ಎರಾಸ್ಮೊನ ಪಕ್ಕಕ್ಕೆ ಹೋಗಿ ನಿಲ್ಲಲೂ ಇಲ್ಲ.

"ಆಯ್ತು, ಹತ್ತಿ," ಅಂದ ಎರಾಸ್ಮೊ. ಹಿಂದಿನ ಸೀಟುಗಳಿಗೆ ಲೈನಿನ ದಢೂತಿಗಳನ್ನೇ ಆರಿಸಿ ಕೂರಿಸಿದ. ಮುಂದೆ ತಾನೇ ಕೂತ. ಬಾಗಿಲ ಹತ್ತಿರ ಉಳಿದ ಒಂದು ಜಾಗದಲ್ಲಿ ನಾನು ತುರುಕಿಕೊಂಡೆ.

ಆ ರಸ್ತೆಯ ಕಲ್ಲುಗಳು ಸವೆದು ನುಣುಪಾಗಿವೆ. ಮನೆಗಳು ಒಂದರ ಹೆಗಲ ಮೇಲೆ ಒಂದು ಹತ್ತಿದಂತಿವೆ. ಅತ್ತಿಗೆ ಒಂದರಲ್ಲಿ ಹೊರಟಳು. ಎಂಜಿನ್ನು ಅರಚತೊಡಗಿದಾಗ ಕ್ಲಚ್ಚು ಒತ್ತಿದಳು. ಕೈ ಸ್ಟೀರಿಂಗಿನಿಂದ ಜಾರಿ ಪಕ್ಕಕ್ಕೆ ಬಂತು, ಮಣಿಕಟ್ಟು ಸ್ವಲ್ಪ ಬಾಗಿತು. ಎರಡನೇ ಗೇರು ಬಿದ್ದಿತ್ತು. ಗಾಡಿ ಕುಲುಕಲೂ ಇಲ್ಲ.

ಏರಿನ ಅತ್ಯಂತ ಕಡಿದಾದ ತಿರುವಿನಲ್ಲಿ ಎರಾಸ್ಮೊ, "ನಿಲ್ಲಿಸಿ," ಅಂದ. ಹೊಸಬರಿಗೂ ಅಲ್ಲಿ ನಿಲ್ಲಿಸಲು ಹೇಳುವುದಿಲ್ಲ. ಅದಕ್ಕಿಂತ ಕೆಳಗೆ, ಬ್ರೆಡ್ಡಿನ ಅಂಗಡಿಯ ಮುಂದೆ ನಿಲ್ಲಿಸುತ್ತಾರೆ. ಅತ್ತಿಗೆ ಅವನ ಕಡೆ ಒಮ್ಮೆ ನೋಡಿ ನಿಲ್ಲಿಸಿದಳು. ಹ್ಯಾಂಡ್ ಬ್ರೇಕು ಸೀಟಿನ ಪಕ್ಕ, ಕೆಳಗೆ, ಹಿಂದಕ್ಕೆ ಇತ್ತು. ಅದಕ್ಕೆ ಅವಳ ಕೈ ಹೋಗದು ಅಂತ ಅವನಿಗೆ ಗೊತ್ತಿತ್ತು.

"ಹ್ಯಾಂಡ್ ಬ್ರೇಕ್ ಹಾಕ್ಕೊಳ್ಳಿ," ಅಂದ ಮೆಲ್ಲಗೆ.

"ನಿಮಗೆ ಬೇಕಿದ್ರೆ ನೀವು ಹಾಕ್ಕೊಳ್ಳಿ."

ಬಲಗಾಲು ಬ್ರೇಕಿನ ಮೇಲಿತ್ತು, ಗೇರು ಒಂದಕ್ಕೆ ಬಂದಿತ್ತು. ಎಡಗಾಲಿನಲ್ಲಿ ಕ್ಲಚ್ಚನ್ನು ಎಳೆ ಎಳೆಯಾಗಿ ಬಿಟ್ಟಳು, ಗಾಡಿಯ ಮೂಗು ಸ್ವಲ್ಪ ಎದ್ದಿತು, ಮೈಯೆಲ್ಲ ನಡುಗಿತು. ಆಗ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ತುಳಿದಳು. ಹಿಂದೆ ಕೂತ ದಢೂತಿಯೊಬ್ಬ ಶಿಲುಬೆ ಗುರುತು ಹಾಕಿಕೊಂಡ. ಗಾಡಿ ಗೇಣಷ್ಟೂ ಜಾರದೆ ಮೇಲಕ್ಕೆ ಹೋಯಿತು.

ತುದಿಯಲ್ಲಿ ಇಳಿದು ಎರಾಸ್ಮೊ ಟೋಪಿ ಸರಿಮಾಡಿಕೊಂಡ. "ಓಡಿಸಿದ್ರಿ, ಇಲ್ಲ ಅನ್ನಲ್ಲ," ಅಂದ. "ಆದ್ರೆ ಆ ರಾಡಿನ ವಿಷಯ ಬೇರೆ. ಮೇಲಿನವರನ್ನ ಕೇಳ್ಬೇಕು. ಒಪ್ಪಿಗೆ ಬರೋ ತನಕ ಗಾಡಿ ಸಾಲಿಗೆ ನಿಲ್ಲಿಸ್ಬೇಡಿ. ಹಬ್ಬ ಆದ್ಮೇಲೆ ನೋಡೋಣ."

ನಾನು ಬೈಗುಳಕ್ಕೆ ಬಾಯಿ ತೆರೆದಿದ್ದೆ, ಅತ್ತಿಗೆ ನನ್ನ ತೋಳು ಹಿಡಿದು ಒಳಗೆ ಕೂರಿಸಿದಳು. ಕೆಳಗಿನ ನಿಲ್ದಾಣಕ್ಕೆ ಬಂದು ಗಾಡಿಯನ್ನು ನೇರವಾಗಿ ಸಾಲಿನ ತಲೆಗೆ ತಂದು ನಿಲ್ಲಿಸಿದಳು. ಅಲ್ಲಿ ಎರಾಸ್ಮೊನ ಗಾಡಿ ನಿಲ್ಲಬೇಕಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ತಾನೇ ನಿಲ್ದಾಣಗಳ ಹೆಸರು ಕೂಗತೊಡಗಿದಳು. ಹೂವು, ಸತ್ತವರಿಗೆ ಇಡುವ ಗೊಂಬೆ ಬ್ರೆಡ್ಡು ಹಿಡಿದವರು ಕಾಯುತ್ತ ನಿಂತಿದ್ದರು. ಜನರಿಗೆ ಸಂಘದ ತೀರ್ಮಾನ ಯಾಕೆ? ಬಾಗಿಲು ತೆರೆದಿದ್ದ ಗಾಡಿಗೆ ಹತ್ತಿದರು.

ಒಬ್ಬ ಡ್ರೈವರು ಅಡ್ಡ ಬಂದು, "ಸಾಲು ಇದೆ ದೊನ್ಯ," ಅಂದ.

"ಗೊತ್ತಪ್ಪ. ಈ ಸಾಲು ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಆ ಕಡೆ ಸರಿ."

ಅವನು ಸರಿದ. ಗಾಡಿ ತುಂಬಿಕೊಂಡು ಹೋಯಿತು. ಆ ದಿನ, ಮಾರನೆಯ ದಿನ, ಹಬ್ಬದ ಎರಡೂ ದಿನ ಅವಳು ಓಡಿಸಿದಳು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಸಂಜೆ ಮನೆಗೆ ಬಂದಾಗ ಭುಜ ಊದಿರುತ್ತಿತ್ತು. ಅಣ್ಣ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ಹಬ್ಬದ ನಂತರದ ಸಭೆಯಲ್ಲಿ ಎರಾಸ್ಮೊ ರಾಡಿನ ಮಾತು ಎತ್ತಲಿಲ್ಲ. ಆ ಹೊತ್ತಿಗೆ ಬೆನ್ನುನೋವಿನ ಇಬ್ಬರು ಡ್ರೈವರುಗಳು ಸಾತುರ್ನಿನೊನ ಶೆಡ್ಡಿಗೆ ಹೋಗಿ, ತಮ್ಮ ಗಾಡಿಗೂ ಅಂಥದ್ದು ಕೂರುತ್ತದೆಯೇ ಅಂತ ವಿಚಾರಿಸಿ ಬಂದಿದ್ದರು. ಎರಾಸ್ಮೊನ ಅಕ್ಕನ ಮಗನಿಗೆ ಬೇರೆ ಲೈನಿನಲ್ಲಿ ಜಾಗ ಸಿಕ್ಕಿತ್ತು. ಆದರೆ ಸಾಲು ಮುರಿದ ತಪ್ಪಿಗೆ ಅತ್ತಿಗೆ ಒಂದು ಭಾನುವಾರ ಗಾಡಿ ತೆಗೆಯಬಾರದು ಅಂತ ಎರಾಸ್ಮೊ ಶಿಕ್ಷೆ ಹಾಕಿದ.

"ಸಾಲು ಮುರಿದದ್ದು ನಿಜ," ಅಂದಳು ಅತ್ತಿಗೆ. "ಶಿಕ್ಷೆ ಒಪ್ಕೋತೀನಿ. ಬೇಕಾದ್ರೆ ಮತ್ತೆ ಮುರೀತೀನಿ."

ಆ ಭಾನುವಾರ ಅವಳು ಗಾಡಿಯನ್ನು ಲೈನಿನಲ್ಲಿ ತೆಗೆಯಲಿಲ್ಲ. ನನ್ನನ್ನೂ ಅಣ್ಣನನ್ನೂ ಸಾತುರ್ನಿನೊನನ್ನೂ ಹತ್ತಿಸಿಕೊಂಡು ತಿತಿಕಾಕಾ ಸರೋವರದ ಕಡೆ ಹೊರಟಳು. ದಂಡೆಯಲ್ಲಿ ಕೂತು ಹುರಿದ ಮೀನು ತಿಂದೆವು. ಅಣ್ಣ ಜೀವನದಲ್ಲಿ ಮೊದಲ ಸಲ, ತನಗೂ ಗಾಡಿ ಕಲಿಸು ಅಂತ ಕೇಳಿದ. ಅತ್ತಿಗೆ ಮುಳ್ಳು ಬಿಡಿಸುತ್ತ, "ಮೊದಲು ಸೈಕಲ್," ಅಂದಳು.